ಗೆರೆ ಪ್ಯಾಂಟಿನ ಯೋಧರು: ಕಿಲ್ಪೆಕ್ ಚರ್ಚು ನೋಡಿಬಂದ ಮೂರು ದಿನ

ಮೊದಲ ದಿನ: ಹೆರಿಫರ್ಡ್

ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಹಾಗಾಗಿ ನಮ್ಮಿಬ್ಬರಿಗೂ ಇಂಗ್ಲೆಂಡ್ ಅಂದರೆ ಅವಳ ಎರಡು ರೂಮಿನ ಮನೆ, ಬೀದಿ ತುದಿಯ ಇಂಡಿಯನ್ ಅಂಗಡಿ ಮತ್ತು ಒಗೆದ ಬಟ್ಟೆ ಒಣಗೋದಿಲ್ಲ ಅನ್ನುವ ಚಿಂತೆ, ಇಷ್ಟೇ ಆಗಿತ್ತು. ಮೂರನೇ ವಾರಕ್ಕೆ ನನಗೆ ಬೇಜಾರು ಶುರುವಾಯಿತು. ಆಗ ಮಗಳು ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿದಳು. ಕಲ್ಲಿನಲ್ಲಿ ಕೆತ್ತಿದ ಒಂದು ನಾಯಿ, ಒಂದು ಮೊಲ. ಪಕ್ಕಪಕ್ಕದಲ್ಲಿ ಕೂತು ಕೆಳಗೆ ನೋಡುತ್ತಿವೆ. ಮಕ್ಕಳ ಕಾರ್ಟೂನಿನಿಂದ ಎದ್ದು ಬಂದ ಹಾಗಿವೆ. "ಅಪ್ಪ, ಇದು ಸುಮಾರು 1140ರದ್ದು. ಹೆರಿಫರ್ಡ್ ಹತ್ತಿರ ಕಿಲ್ಪೆಕ್ ಅನ್ನೋ ಹಳ್ಳಿಯ ಚರ್ಚಿನ ಗೋಡೆ ಮೇಲಿದೆ" ಅಂದಳು.

ನಮ್ಮೂರು ಬೇಲೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಬೇಲೂರಿನ ದೇವಸ್ಥಾನ 1117ರದ್ದು. ಅಂದರೆ ಅಲ್ಲಿ ಮದನಿಕೆಯರನ್ನು ಕೆತ್ತಿ ಮುಗಿಸಿದ ಒಂದು ತಲೆಮಾರಿನೊಳಗೆ ಇಲ್ಲಿ ಯಾರೋ ಕೂತು ಮೊಲ ಕೆತ್ತುತ್ತಿದ್ದರು! ಹೋಗಲೇಬೇಕು ಅಂತ ತೀರ್ಮಾನ ಆಯಿತು.

ರೈಲಿನಲ್ಲಿ ಒಂದೂವರೆ ಗಂಟೆಗೆಲ್ಲ ಹೆರಿಫರ್ಡ್ ತಲುಪಿದೆವು. ಮೇ ತಿಂಗಳ ಮೊದಲ ವಾರ. ಕಿಟಕಿಯಾಚೆ ಸೇಬಿನ ತೋಟಗಳು ಬಿಳಿ ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿದ್ದವು. ಸೇಬಿನಿಂದ ತೆಗೆಯುವ ಸೈಡರ್‌ಗೆ ಈ ಸೀಮೆ ಹೆಸರುವಾಸಿ. ಅಲ್ಲಲ್ಲಿ ಮೈಯೆಲ್ಲ ಕೆಂಪು, ಮುಖ ಮಾತ್ರ ಬೆಳ್ಳಗಿದ್ದ ದನಗಳು. ಇದೇ ಹೆರಿಫರ್ಡ್ ತಳಿ. "ಮುಖಕ್ಕೆ ಪೌಡರ್ ಬಳಿದುಕೊಂಡ ಹಾಗಿವೆ" ಅಂದಳು ನನ್ನ ಹೆಂಡತಿ. ಅವಳು ಮೂವತ್ತು ವರ್ಷದಿಂದ ಊರಲ್ಲಿ ಟೈಲರಿಂಗ್ ಮಾಡುತ್ತಾಳೆ. ಇದನ್ನು ಈಗಲೇ ಹೇಳಿಬಿಟ್ಟೆ, ಮುಂದೆ ಬೇಕಾಗುತ್ತದೆ.

ಮಧ್ಯಾಹ್ನ ಹೆರಿಫರ್ಡ್ ಕೆಥೆಡ್ರಲ್‌ಗೆ ಹೋದೆವು. ಅಲ್ಲಿನ ನಕ್ಷೆ ಮಾತ್ರ ಬಿಡುವ ಹಾಗಿಲ್ಲ. ಮಪ್ಪಾ ಮುಂಡಿ ಅಂತಾರೆ. ಸುಮಾರು 1300ರ ಹೊತ್ತಿಗೆ ಒಂದೇ ಕರುವಿನ ಚರ್ಮದ ಮೇಲೆ ಇಡೀ ಪ್ರಪಂಚ ಬರೆದಿದ್ದಾರೆ. ಎತ್ತರ ಸುಮಾರು 1.6 ಮೀಟರ್. ಕೋಣೆಯಲ್ಲಿ ಬೆಳಕು ಮಂಕು, ಕಣ್ಣು ಹೊಂದಿಕೊಳ್ಳೋಕೆ ಐದು ನಿಮಿಷವಾದರೂ ಬೇಕು. ನಡುವೆ ಜೆರುಸಲೇಮ್. ಉತ್ತರ ಇರಬೇಕಾದ ಕಡೆ ಪೂರ್ವ ಇದೆ. ಹಾಗಾಗಿ ನಮ್ಮ ಭಾರತ ಮೇಲ್ಗಡೆ ಹೋಗಿ ಕೂತಿದೆ. ಅಲ್ಲಿ ಯಾರಿದ್ದಾರೆ ಅಂತೀರಿ? ಒಂಟಿ ಕಾಲಿನ ಮನುಷ್ಯ! ಆ ಕಾಲಿನ ಪಾದ ಎಷ್ಟು ದೊಡ್ಡದು ಅಂದರೆ ಅದನ್ನೇ ಮೇಲೆತ್ತಿ ಕೊಡೆಯಂತೆ ಬಿಸಿಲಿಗೆ ಹಿಡಿದಿದ್ದಾನೆ. ಮೂರು ಜನ ಭಾರತೀಯರು ಗಾಜಿಗೆ ಮೂಗು ತಾಗಿಸಿ ನಗುತ್ತಿದ್ದುದನ್ನು ಕಂಡು ಅಲ್ಲಿದ್ದ ಸ್ವಯಂಸೇವಕಿಯೂ ನಕ್ಕರು. "ಯುರೋಪ್, ಆಫ್ರಿಕಾ ಅಂತ ಬರೆದಿರೋದನ್ನೂ ಸ್ವಲ್ಪ ನೋಡಿ" ಅಂದರು. ಎರಡೂ ಹೆಸರು ಅದಲು ಬದಲಾಗಿವೆ. ಚಿನ್ನದ ಅಕ್ಷರದಲ್ಲಿ ಬರೆದ ತಪ್ಪು, ಏಳುನೂರು ವರ್ಷದಿಂದ ಹಾಗೇ ಇದೆ.

ನಕ್ಷೆಯ ಮೂಲೆಯಲ್ಲಿ ಒಂದು ಹೆಸರೂ ಇದೆ: ಹಾಲ್ಡಿಂಗ್‌ಹ್ಯಾಮಿನ ರಿಚರ್ಡ್. ತನಗಾಗಿ ಪ್ರಾರ್ಥಿಸಿ ಅಂತ ಕೇಳಿಕೊಂಡಿದ್ದಾನೆ. ಪಕ್ಕದಲ್ಲೇ ಸರಪಳಿ ಬಿಗಿದ ಪುಸ್ತಕಗಳ ಲೈಬ್ರರಿ ಇದೆ. ಸರಪಳಿ ಸಿಕ್ಕಿಕೊಳ್ಳಬಾರದು ಅಂತ ಪುಸ್ತಕಗಳನ್ನು ಬೆನ್ನು ಒಳಗೆ ಮಾಡಿ ಜೋಡಿಸಿದ್ದಾರೆ. ಹೊರಗೆ ಕಾಣೋದು ಬರೀ ಹಾಳೆಯ ಅಂಚು.

ರಾತ್ರಿ ಉಳಿದಲ್ಲಿ ಹೀಟರ್ ಕೆಲಸ ಮಾಡಲಿಲ್ಲ. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಮಲಗಿದೆವು. ಮೇ ತಿಂಗಳು ಅಂತ ನಂಬಿ ತೆಳ್ಳಗಿನ ಬಟ್ಟೆ ತಂದದ್ದು ನನ್ನದೇ ತಪ್ಪು.

ಎರಡನೇ ದಿನ: ಕಿಲ್ಪೆಕ್

ಬಾಡಿಗೆ ಕಾರು, ಡ್ರೈವಿಂಗ್ ಮಗಳದ್ದು. ಹೆರಿಫರ್ಡ್‌ನಿಂದ ಅಬರ್ಗವೆನಿ ಕಡೆ ಹೋಗುವ ದೊಡ್ಡ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್ ಹೋಗಿ ಪಕ್ಕಕ್ಕೆ ತಿರುಗಿದರೆ ಕಿಲ್ಪೆಕ್. ಇದು ಬಹಳ ಸಲೀಸಾದ ದಾರಿ. ಆದರೆ ಮೊಬೈಲ್ ನಮ್ಮನ್ನು ಅದಕ್ಕಿಂತ ಮೊದಲೇ ಯಾವುದೋ ಸಂದಿಗೆ ತಿರುಗಿಸಿತು. ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಒಂದೇ ಕಾರಿನ ಅಗಲದ ರಸ್ತೆ, ಅದರ ಮಧ್ಯದಲ್ಲಿ ಹುಲ್ಲು ಬೆಳೆದಿದೆ. ನಮ್ಮೂರ ತೋಟದ ದಾರಿಗೆ ಡಾಂಬರು ಹಾಕಿದ ಹಾಗೆ. ಎದುರಿಗೆ ಟ್ರ್ಯಾಕ್ಟರ್ ಬಂತು. ಮಗಳು ನೂರು ಮೀಟರ್ ರಿವರ್ಸ್ ತೆಗೆದಳು. ನಾನು ಹಿಂದೆ ನೋಡುತ್ತಾ "ಬಾ ಬಾ, ಸ್ವಲ್ಪ ರೈಟ್" ಅಂದೆ. "ಅಪ್ಪ, ದಯವಿಟ್ಟು ಸುಮ್ನಿರಿ" ಅಂದಳು. ಟ್ರ್ಯಾಕ್ಟರಿನವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಮಾತ್ರ ಎತ್ತಿ ಥ್ಯಾಂಕ್ಸ್ ಹೇಳಿ ಹೋದರು. ದೊಡ್ಡ ರಸ್ತೆಯಲ್ಲಿ ಕಿಲ್ಪೆಕ್ ಅಂತ ಬೋರ್ಡ್ ಕಾಣುವವರೆಗೆ ಮೊಬೈಲ್ ಏನೇ ಹೇಳಿದರೂ ತಿರುಗಬೇಡಿ.

ಊರು ತುಂಬಾ ಚಿಕ್ಕದು. ಕೆಲವು ಮನೆ, ಒಂದು ಪಬ್ಬು. ಚರ್ಚಿನ ಗೇಟಿನ ಹೊರಗೆ ನಾಲ್ಕೈದು ಕಾರು ನಿಲ್ಲಿಸಬಹುದು. ಸಣ್ಣಗೆ ಜಡಿಮಳೆ. ಗೇಟು ತೆಗೆದರೆ ಸಮಾಧಿ ಕಲ್ಲುಗಳು, ಅದರಾಚೆ ಕೆಂಗಲ್ಲಿನ ಚರ್ಚು. ದೊಡ್ಡ ಗೋಪುರ ಇಲ್ಲ, ಚಾವಣಿಯ ಮೇಲೆ ಗಂಟೆ ತೂಗುಹಾಕಿದ ಪುಟ್ಟ ಗೋಡೆ ಅಷ್ಟೇ. ಜನ ಕೂರುವ ಉದ್ದನೆಯ ಭಾಗ, ಆಮೇಲೆ ಪೂಜೆಯ ಭಾಗ, ಪೂರ್ವದ ತುದಿಯಲ್ಲಿ ಅರ್ಧ ಚಂದ್ರದ ಹಾಗೆ ದುಂಡಗಿನ ಗೋಡೆ. ನವರಂಗ, ಸುಕನಾಸಿ, ಗರ್ಭಗುಡಿ ಅಂತ ನಮ್ಮ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ.

"ಇಷ್ಟೇನಾ?" ಅಂದಳು ನನ್ನ ಹೆಂಡತಿ. ನನಗೂ ಹಾಗೇ ಅನಿಸಿತ್ತು. ದಕ್ಷಿಣದ ಬಾಗಿಲ ಮುಂದೆ ಬಂದ ಮೇಲೆ ಇಬ್ಬರೂ ಮಾತಾಡಲಿಲ್ಲ.

ಬಾಗಿಲ ಮೇಲಿನ ಅರ್ಧ ವೃತ್ತದ ಕಲ್ಲಿನಲ್ಲಿ ಒಂದೇ ಒಂದು ಮರ, ಗೊಂಚಲು ಹಣ್ಣು ಬಿಟ್ಟಿದೆ. ಜೀವವೃಕ್ಷ ಅಂತಾರೆ. ಅದರ ಸುತ್ತಲಿನ ಕಮಾನಿನಲ್ಲಿ ಕೊಕ್ಕಿನ ತಲೆಗಳು, ಅದರ ಹೊರಗೆ ಸರಪಳಿಯಂತೆ ಹೆಣೆದ ಬಿಲ್ಲೆಗಳು, ಒಂದೊಂದು ಬಿಲ್ಲೆಯೊಳಗೆ ಒಂದೊಂದು ಹಕ್ಕಿಯೋ ಪ್ರಾಣಿಯೋ. ಎರಡೂ ಕಡೆಯ ಹೊರಗಂಬಗಳ ಮೇಲೆ ಹಾವುಗಳು ಒಂದರ ಬಾಲ ಒಂದು ಕಚ್ಚಿಕೊಂಡು ಹರಿದಿವೆ. ಬಲಗಡೆಯ ಕಂಬದ ಬೋದಿಗೆಯಲ್ಲಿ ಒಂದು ಮುಖ, ಅದರ ಬಾಯಿಂದ ಬಳ್ಳಿ ಹೊರಟಿದೆ. ಇಲ್ಲಿನವರು ಅದನ್ನು ಗ್ರೀನ್ ಮ್ಯಾನ್ ಅಂತಾರೆ. ನನಗೆ ತಕ್ಷಣ ನೆನಪಾದದ್ದು ನಮ್ಮ ಕೀರ್ತಿಮುಖ. ಎರಡಕ್ಕೂ ಸಂಬಂಧ ಕಟ್ಟೋಕೆ ನಾನೇನು ಹೊರಟಿಲ್ಲ. ಆದರೆ ಕಣ್ಣಿಗೆ ಪರಿಚಯ ಸಿಕ್ಕಿತು.

ಎಡಗಡೆ ಒಳಗಂಬದ ಮೇಲೆ ಇಬ್ಬರು ಯೋಧರು, ಒಬ್ಬರ ಮೇಲೊಬ್ಬರು. ತಲೆ ಮೇಲೆ ಚೂಪು ಟೋಪಿ. ಕೈಕಾಲಿಗೆಲ್ಲ ಬಳ್ಳಿ ಸುತ್ತಿಕೊಂಡಿದೆ. ಮೈಮೇಲೆ ಉದ್ದುದ್ದ ಗೆರೆಯ ಬಟ್ಟೆ, ಕಾಲಿಗೆ ಪ್ಯಾಂಟು! 12ನೇ ಶತಮಾನದಲ್ಲಿ ಪ್ಯಾಂಟು ನೋಡಿ ನನಗೆ ನಗು ಬಂತು. ನನ್ನ ಹೆಂಡತಿ ನಗಲಿಲ್ಲ. ಕನ್ನಡಕ ಒರೆಸಿಕೊಂಡು ಹತ್ತಿರ ಹೋದಳು.

"ಇದು ಗೆರೆ ಬಟ್ಟೆ ಅಲ್ಲ ರೀ. ಮಡಿಕೆ ತೋರಿಸಿರೋದು. ಮೊಣಕಾಲ ಹತ್ರ ಗೆರೆ ಹೇಗೆ ಬಾಗಿದೆ ನೋಡಿ. ಕಾಲು ಮಡಚಿದ್ರೆ ಬಟ್ಟೆ ಹಾಗೇ ಬಾಗೋದು. ಕೆತ್ತಿದವನಿಗೆ ಬಟ್ಟೆ ಗೊತ್ತಿತ್ತು."

ಮಳೆ ನಿಂತು ಬಿಸಿಲು ಬಂದಾಗ ಬಾಗಿಲಿನ ಕೆತ್ತನೆ ಇನ್ನೂ ಎದ್ದು ಕಂಡಿತು. ಇಲ್ಲಿಗೆ ಬರುವವರು ಮಧ್ಯಾಹ್ನದ ಬಿಸಿಲಿಗೆ ಬರಬೇಕು. ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್ ಅನ್ನುವ ಈ ಕೆಂಪು ಮರಳುಗಲ್ಲು ಸಾಮಾನ್ಯವಾಗಿ ಮಳೆಗಾಳಿಗೆ ಸವೆದುಹೋಗುತ್ತದೆ. ಇಲ್ಲಿ ಮಾತ್ರ ಹಾವಿನ ಮೈಯ ಚುಕ್ಕಿ ಸಮೇತ ಉಳಿದಿದೆ.

ಆಮೇಲೆ ಚರ್ಚಿಗೆ ಒಂದು ಪ್ರದಕ್ಷಿಣೆ. ಅಭ್ಯಾಸಬಲ ಅನ್ನಿ, ಆದರೆ ಈ ಚರ್ಚನ್ನು ನೋಡಬೇಕಾದ್ದೇ ಹಾಗೆ. ಸೂರಿನ ಕೆಳಗೆ ಸುತ್ತಲೂ ಚಾಚುಗಲ್ಲುಗಳ ಸಾಲು ಇದೆ. ಇವತ್ತಿಗೆ 85 ಉಳಿದಿವೆ. ಒಂದೊಂದರ ತುದಿಯಲ್ಲೂ ಒಂದೊಂದು ಕೆತ್ತನೆ. ತೊಂದರೆ ಏನೆಂದರೆ ಅವು ಎತ್ತರದಲ್ಲಿವೆ, ಕತ್ತು ನೋಯುತ್ತದೆ, ಬೈನಾಕ್ಯುಲರ್ ನಾವು ಬರ್ಮಿಂಗ್‌ಹ್ಯಾಮ್‌ನಲ್ಲೇ ಮರೆತು ಬಂದಿದ್ದೆವು. ಮೊಬೈಲಿನಲ್ಲಿ ಜೂಮ್ ಮಾಡಿ ನೋಡುತ್ತಿದ್ದಾಗ ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜ ತಾವೇ ನಿಂತರು. ಹಕ್ಕಿ ನೋಡುವವರು, ಕೊರಳಲ್ಲಿ ಬೈನಾಕ್ಯುಲರ್ ನೇತಾಡುತ್ತಿತ್ತು. ಅದನ್ನು ಕಳಚಿ ನನ್ನ ಹೆಂಡತಿಗೆ ಕೊಟ್ಟರು. ನಾಯಿಯನ್ನು ನನ್ನ ಕೈಗೆ ಕೊಟ್ಟರು.

ಫೋಟೋದಲ್ಲಿ ನೋಡಿದ್ದ ನಾಯಿ, ಮೊಲ ಸಿಕ್ಕವು. ನಾಯಿ ಬೇಟೆಯದ್ದು, ಮೊಲ ಅದರ ಆಹಾರ. ಆದರೂ ಎರಡೂ ಶಾಲೆಯ ಬೆಂಚಿನಲ್ಲಿ ಕೂತ ಹುಡುಗರ ಹಾಗೆ ಅಂಟಿಕೊಂಡು ಕೂತಿವೆ. ನಾಯಿಯ ಕಿವಿ ಜೋಲು, ಮೊಲದ ಕಿವಿ ನಿಮಿರಿದೆ, ಇಬ್ಬರಿಗೂ ಗುಂಡು ಕಣ್ಣು. ಒಬ್ಬ ಪಿಟೀಲಿನಂಥದ್ದನ್ನು ಬಾರಿಸುತ್ತಿದ್ದಾನೆ. ಇಬ್ಬರು ತಬ್ಬಿಕೊಂಡಿದ್ದಾರೆ, ಕುಣಿತವೋ ಕುಸ್ತಿಯೋ ಹೇಳೋಕಾಗಲ್ಲ. ಹಂದಿ ಇದೆ, ಟಗರು ಇದೆ, ಶಿಲುಬೆ ಹೊತ್ತ ದೇವರ ಕುರಿಮರಿ, ಅಂದರೆ ಕ್ರಿಸ್ತನ ಸಂಕೇತ, ಅದೂ ಇದೆ. ದೇವರ ಕುರಿಮರಿಗೂ ಹಂದಿಗೂ ಒಂದೇ ಅಳತೆಯ ಕಲ್ಲು, ಒಂದೇ ಸಾಲು.

ದುಂಡು ಗೋಡೆಯ ಕಡೆ ಬಂದಾಗ ನನ್ನ ಹೆಂಡತಿ ಬೈನಾಕ್ಯುಲರ್ ಇಳಿಸಿ ಒಂದು ಕ್ಷಣ ಸುಮ್ಮನಾದಳು. ಅಜ್ಜ ಮೆಲ್ಲಗೆ ಕೆಮ್ಮಿ ಬೇರೆ ಕಡೆ ನೋಡಿದರು. ಅಲ್ಲಿರುವುದು ಶೀಲಾ ನ ಗಿಗ್. ದೊಡ್ಡ ತಲೆಯ ಒಬ್ಬ ಹೆಂಗಸು, ಎರಡೂ ಕೈಯಲ್ಲಿ ತನ್ನ ಯೋನಿಯನ್ನು ಅಗಲಿಸಿ ತೋರಿಸುತ್ತಿದ್ದಾಳೆ. ಚರ್ಚಿನ ಗೋಡೆಯ ಮೇಲೆ!

"ಲಜ್ಜಾಗೌರಿ ಅಲ್ವಾ ಇದು? ಬಾದಾಮಿ ಮ್ಯೂಸಿಯಂನಲ್ಲಿ ನೋಡಿದ್ವಲ್ಲ" ಅಂದಳು ಇವಳು, ಏನೂ ಆಗದವಳ ಹಾಗೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಅಜ್ಜನಿಗೆ ಹೇಳಲೋ ಬೇಡವೋ ಅಂತ ಒದ್ದಾಡಿ, ಕೊನೆಗೆ ಹೇಳಿದಳು. ಅಜ್ಜನಿಗೆ ಖುಷಿಯೋ ಖುಷಿ. "ಅವಳಿಗೊಬ್ಬ ಅಕ್ಕ ಇದ್ದಾಳೆ ಅಂತಾಯ್ತು" ಅಂದರು. ಇದು ಯಾಕಿದೆ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ವಾದ. ಕಾಮದ ಪಾಪದ ಬಗ್ಗೆ ಎಚ್ಚರಿಕೆ ಅಂತ ಕೆಲವರು, ಸಂತಾನದ ಸಂಕೇತ ಅಂತ ಕೆಲವರು, ದೃಷ್ಟಿ ತಾಗದ ಹಾಗೆ ಕಾವಲು ಅಂತ ಇನ್ನು ಕೆಲವರು. ಕಾವಲು ಅನ್ನುವುದೇ ನನಗೆ ಒಪ್ಪಿತ. ಹೊಸ ಮನೆ ಕಟ್ಟುವಾಗ ನಾವು ಬೂದುಗುಂಬಳಕ್ಕೆ ಮುಖ ಬರೆದು ಕಟ್ಟಲ್ವಾ?

ಪಶ್ಚಿಮದ ಗೋಡೆಯಿಂದ ಡ್ರಾಗನ್ ತಲೆಗಳು ಬಾಯಿ ತೆರೆದು ಮುಂದೆ ಚಾಚಿವೆ. ವೈಕಿಂಗರ ಹಡಗಿನ ಮೂತಿ ನೆನಪಿಸುತ್ತವೆ. ಇಷ್ಟು ಸಣ್ಣ ಊರಿಗೆ ಇದೆಲ್ಲ ಎಲ್ಲಿಂದ ಬಂತು? ಕಥೆ ಹೀಗಿದೆ. ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ವೇಲ್ಸ್ ಗಡಿಯ ಈ ಜಾಗ ವಿಲಿಯಂ ಫಿಟ್ಸ್‌ನಾರ್ಮನ್ ಅನ್ನುವವನ ಪಾಲಾಯಿತು. 1086ರ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲೇ ಅವನ ಹೆಸರಿದೆ. ಅವನ ಮಗ ಹ್ಯೂ 1134ರಲ್ಲಿ ಇಲ್ಲಿನ ಚರ್ಚನ್ನು ಗ್ಲಾಸ್ಟರ್‌ನ ಮಠಕ್ಕೆ ಬಿಟ್ಟುಕೊಟ್ಟ. ಈಗಿನ ಕಟ್ಟಡ ಎದ್ದದ್ದು ಅದೇ ಸುಮಾರಿಗೆ. ಅದೇ ಕಾಲದಲ್ಲಿ ಇದೇ ಸೀಮೆಯ ಆಲಿವರ್ ಡಿ ಮೆರ್ಲಿಮಂಡ್ ಅನ್ನುವ ಅಧಿಕಾರಿ ಸ್ಪೇನಿನ ಸಾಂಟಿಯಾಗೊಗೆ ಯಾತ್ರೆ ಹೋಗಿ ಬಂದು ಶಾಬ್ಡನ್‌ನಲ್ಲಿ ಒಂದು ಚರ್ಚು ಕಟ್ಟಿಸಿದ. ದಾರಿಯಲ್ಲಿ ಫ್ರಾನ್ಸ್, ಸ್ಪೇನಿನ ಚರ್ಚುಗಳನ್ನು ಕಂಡ ನೆನಪು ಇಲ್ಲಿನ ಶಿಲ್ಪಿಗಳಿಗೂ ದಾಟಿತು ಅಂತ ಪಂಡಿತರು ಹೇಳುತ್ತಾರೆ. ಈ ಸುತ್ತಮುತ್ತ ಅದೇ ಕೈಚಳಕದ ಕೆಲಸ ಹಲವು ಹಳ್ಳಿಗಳಲ್ಲಿ ಸಿಗುವುದರಿಂದ ಅದಕ್ಕೆ ಹೆರಿಫರ್ಡ್‌ಶೈರ್ ಸ್ಕೂಲ್ ಅಂತ ಹೆಸರಿಟ್ಟಿದ್ದಾರೆ.

ಹೆಸರು ಗುಂಪಿಗೆ ಇದೆ, ಕೆತ್ತಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ನನಗೆ ಇದೇ ಕೊರೆಯುತ್ತಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮದನಿಕೆಯರ ಕೆಳಗೆ ಹೆಸರು ಕೊರೆದಿದ್ದಾರೆ, ಬಿರುದು ಸಮೇತ. ನಿನ್ನೆಯ ನಕ್ಷೆಯಲ್ಲೂ ಹೆಸರಿತ್ತು. ಇಲ್ಲಿ ಮೊಲದ ಕೆಳಗೆ ಕಣ್ಣು ಕಿರಿದು ಮಾಡಿ ಹುಡುಕಿದೆ. ಏನಿಲ್ಲ.

ಒಳಗೆ ಹೋದರೆ ತಣ್ಣಗೆ, ಒದ್ದೆ ಕಲ್ಲಿನ ವಾಸನೆ. ಬಾಗಿಲು ಬೀಗ ಹಾಕಿರುವುದಿಲ್ಲ, ಟಿಕೆಟ್ಟೂ ಇಲ್ಲ, ಕಾಣಿಕೆ ಪೆಟ್ಟಿಗೆ ಇದೆ. ಒಬ್ಬ ಹೆಂಗಸು ಹಳೆ ಹೂ ತೆಗೆದು ಹೊಸದು ಇಡುತ್ತಿದ್ದರು. ಹೊರಗಿನ ಗದ್ದಲದ ಮುಂದೆ ಒಳಗೆ ಬಹಳ ಸಾದಾ. ಪೂಜೆಯ ಭಾಗಕ್ಕೆ ಹೋಗುವ ಕಮಾನಿನ ಎರಡೂ ಬದಿಗೆ ಮೂವರು ಮೂವರು ಸಂತರು ಒಬ್ಬರ ತಲೆ ಮೇಲೊಬ್ಬರು ನಿಂತಿದ್ದಾರೆ. ಕೀಲಿ ಹಿಡಿದವರು ಸಂತ ಪೀಟರ್. ಮುಖಗಳು ಗಂಭೀರ, ಹೊರಗಿನ ಮೊಲ ಇವರಿಗೆ ಪರಿಚಯವೇ ಇಲ್ಲ ಅನ್ನುವ ಹಾಗೆ. ಮೂಲೆಯಲ್ಲಿ ತೀರ್ಥದ ಕಲ್ಲು ಒಂದಿದೆ, ಅದಕ್ಕೆ ಎರಡು ಕೈ ಕೆತ್ತಿದ್ದಾರೆ. ಬಸುರಿ ತನ್ನ ಹೊಟ್ಟೆ ತಬ್ಬಿದ ಹಾಗೆ ಬಟ್ಟಲು ತನ್ನನ್ನೇ ತಬ್ಬಿಕೊಂಡಿದೆ.

ಹೂವಿನ ಹೆಂಗಸು ಮಗಳ ಹತ್ತಿರ ಹೇಳಿದರು: "ಬಂದವರೆಲ್ಲ ಮೊದಲು ಕೇಳೋದು ಶೀಲಾ ಎಲ್ಲಿ ಅಂತ. ಯಾರೂ ನನ್ನ ಹೂವು ನೋಡಲ್ಲ." ನನ್ನ ಹೆಂಡತಿ ಹೋಗಿ ಹೂವು ನೋಡಿದಳು. ಒಂದು ಕೊಂಬೆ ಆಚೆ ಈಚೆ ಮಾಡಲೂ ಸಲಹೆ ಕೊಟ್ಟಳು, ಕೈಸನ್ನೆಯಲ್ಲೇ. ಅವರು ಮಾಡಿದರು ಕೂಡ. ಚರ್ಚು ಮೇರಿಗೆ ಮತ್ತು ವೇಲ್ಸಿನ ಸಂತ ಡೇವಿಡ್‌ಗೆ ಸೇರಿದ್ದು. ಇದು ಒಂದು ಕಾಲಕ್ಕೆ ವೆಲ್ಷ್ ಮಾತಾಡುವ ನಾಡೇ ಆಗಿತ್ತು, ಕಿಲ್ಪೆಕ್ ಅನ್ನುವ ಹೆಸರೂ ವೆಲ್ಷ್ ಮೂಲದ್ದೇ.

ಪುಳಿಯೋಗರೆ ಡಬ್ಬಿ ಹಿಡಿದು ಪಶ್ಚಿಮದ ದಿಬ್ಬ ಹತ್ತಿದೆವು. ಅದು ದಿಬ್ಬವಲ್ಲ, ಮಣ್ಣು ಪೇರಿಸಿ ಕಟ್ಟಿದ ಕೋಟೆಯ ಗುಡ್ಡ. ಕಿಂಗ್ ಜಾನ್ ಬಂದು ಉಳಿದುಹೋದ ಕೋಟೆ. 1645ರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ ಕೆಡವಿದರು. ಮೇಲೆ ಎರಡು ತುಂಡು ಗೋಡೆ ಉಳಿದಿವೆ. ಹುಲ್ಲು ಒದ್ದೆ, ಕುರಿ ಹಿಕ್ಕೆ ಬೇರೆ. ಅರ್ಧ ಹತ್ತಿದ ಮೇಲೆ ನಾನು ಜಾರಿ ಕೂತಲ್ಲೇ ಕೆಳಗಿನವರೆಗೆ ಬಂದೆ. ಪುಳಿಯೋಗರೆ ಡಬ್ಬಿಯನ್ನು ಮಾತ್ರ ತಲೆ ಮೇಲೆ ಎತ್ತಿ ಹಿಡಿದಿದ್ದೆ. ಇಲ್ಲಿಗೆ ಬರುವವರು ಸ್ಯಾಂಡಕ್ ಚಪ್ಪಲಿ ಹಾಕಿಕೊಂಡು ಬರಬಾರದು.

ಮೇಲಿಂದ ನೋಡಿದರೆ ಚರ್ಚಿನಾಚೆಯ ಹುಲ್ಲುಗಾವಲಿನಲ್ಲಿ ಉಬ್ಬು ತಗ್ಗು ಕಾಣುತ್ತವೆ. ಹಳೆಯ ಕಿಲ್ಪೆಕ್ ಊರು ಇದ್ದದ್ದು ಅಲ್ಲಿ. ಈಗ ಅದರ ಮೇಲೆ ಕುರಿ ಮೇಯುತ್ತಿವೆ. ನನಗನಿಸಿದ್ದು ಇಷ್ಟು: ಊರು ಬೆಳೆದಿದ್ದರೆ, ದುಡ್ಡು ಬಂದಿದ್ದರೆ, ಇದನ್ನು ಕೆಡವಿ ದೊಡ್ಡ ಚರ್ಚು ಕಟ್ಟಿರುತ್ತಿದ್ದರು. ಊರು ಕರಗಿತು, ಮೊಲ ಉಳಿಯಿತು.

ಮೂರನೇ ದಿನ: ಏರ್ಡಿಸ್ಲಿ

ವಾಪಸ್ ಹೋಗುವ ದಿನ. ಆದರೆ ಇವಳದ್ದು ಒಂದೇ ಹಟ, ಆ ಕೈ ಕೆಲಸ ಇನ್ನೊಂದು ಕಡೆ ನೋಡಬೇಕು ಅಂತ. ಅಜ್ಜ ಹೇಳಿದ್ದ ಹೆಸರು ಏರ್ಡಿಸ್ಲಿ. ಹೆರಿಫರ್ಡ್‌ನ ವಾಯವ್ಯಕ್ಕೆ ಇದೆ. ದಾರಿಯ ಊರುಗಳಲ್ಲಿ ಬಿಳಿ ಗೋಡೆಗೆ ಕಪ್ಪು ಮರದ ಪಟ್ಟಿ ಬಿಗಿದ ಹಳೇ ಮನೆಗಳು, ಕೆಲವು ಒಂದು ಕಡೆ ವಾಲಿವೆ. ಒಂದು ಕಡೆ ನಿಲ್ಲಿಸಿ ಬಿಸಿ ಆಪಲ್ ಪೈ ತಿಂದೆವು. ಅದಕ್ಕೆ ಕಸ್ಟರ್ಡ್ ಸುರಿಸಿಕೊಂಡದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಹುಳಿ ಜಾಸ್ತಿ.

ಏರ್ಡಿಸ್ಲಿ ಚರ್ಚಿನ ಹೊರಗೆ ನಿಂತು ನೋಡಿದರೆ ಅಂಥದ್ದೇನಿಲ್ಲ. ಬಂದದ್ದು ಒಳಗಿನ ಒಂದು ಕಲ್ಲು ತೊಟ್ಟಿಗೆ. ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ತೊಟ್ಟಿ, ಸುಮಾರು 1150ರದ್ದು. ಸುತ್ತಲೂ ಕೆತ್ತನೆ, ಎದೆಯೆತ್ತರದೊಳಗೇ ಇದೆ. ಕಿಲ್ಪೆಕ್‌ನಲ್ಲಿ ಕತ್ತೆತ್ತಿ ನೋಡಿದ್ದನ್ನು ಇಲ್ಲಿ ಮಂಡಿಯೂರಿ ನೋಡಬಹುದು. ಒಂದು ಸಿಂಹ. ಹಗ್ಗದಂಥ ಬಳ್ಳಿಯ ಗಂಟಿನೊಳಗೆ ಸಿಕ್ಕ ಒಬ್ಬ ಮನುಷ್ಯನ ಕೈ ಹಿಡಿದು ಕ್ರಿಸ್ತ ಎಳೆದು ತರುತ್ತಿದ್ದಾನೆ. ನರಕದಿಂದ ಬಿಡಿಸುವ ದೃಶ್ಯ. ಇನ್ನೊಂದು ಕಡೆ ಇಬ್ಬರು ಯೋಧರ ಕಾಳಗ. ಒಬ್ಬನ ಈಟಿ ಇನ್ನೊಬ್ಬನ ಕಾಲಿಗೆ ನೆಟ್ಟಿದೆ. ಇಲ್ಲಿನ ಬ್ಯಾಸ್ಕರ್‌ವಿಲ್ ಮನೆತನದ ರಾಲ್ಫ್ ಮತ್ತು ಅವನ ಮಾವನ ಜಗಳ ಇದು ಅಂತ ಊರ ಮಾತು. ಅಳಿಯ ಮಾವನ ಜಗಳ ಕಲ್ಲಿಗೆ ಏರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇವಳಿಗೆ ಆ ಜಗಳ ಬೇಕಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ಯೋಧನ ಕಾಲಿನ ಮೇಲೆ, ಕಲ್ಲಿಗೆ ತಾಗದ ಹಾಗೆ ಬೆರಳು ಆಡಿಸಿದಳು.

"ನೋಡ್ರಿ. ಅದೇ ಪ್ಯಾಂಟು."

ಅದೇ ಉದ್ದುದ್ದ ಗೆರೆ, ಒತ್ತೊತ್ತಾಗಿ, ಮೊಣಕಾಲ ಹತ್ತಿರ ಬಾಗಿ ಕೆಳಗಿಳಿದಿದೆ. ಮಗಳು ಮೊಬೈಲಿನಲ್ಲಿ ನಿನ್ನೆಯ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದಳು. "ಒಬ್ಬನೇ ಮಾಡಿದ್ದಾ ಅಮ್ಮ?" ಅಂದಳು.

"ಒಬ್ಬನೇ ಅಂತ ಹೇಳಕ್ಕಾಗಲ್ಲ. ಒಬ್ಬನ ಹತ್ರ ಕಲಿತವರು. ನನ್ನ ಹತ್ರ ಕಲಿತ ಹುಡುಗೀರು ಕುತ್ತಿಗೆ ಪಟ್ಟಿ ತಿರುಗ್ಸೋದು ನೋಡಿದ್ರೆ, ಇವಳು ನಮ್ಮ ಅಂಗಡಿಯವಳು ಅಂತ ನಂಗೆ ಗೊತ್ತಾಗಲ್ವಾ? ಹಾಗೆ."

ರೈಲಿಗೆ ಒಂದೂಕಾಲು ಗಂಟೆ ಇತ್ತು. ಕಾರು ವಾಪಸ್ ಕೊಡಬೇಕು, ಪೆಟ್ರೋಲ್ ತುಂಬಿಸಬೇಕು. ನಾನು ಕಾಣಿಕೆ ಪೆಟ್ಟಿಗೆಗೆ ಚಿಲ್ಲರೆ ಹಾಕಿ, ಬಾಗಿಲ ಹತ್ತಿರ ನಿಂತು ಗಡಿಯಾರ ನೋಡಿಕೊಂಡೆ. "ಅಮ್ಮ, ಏಳಮ್ಮ, ಲೇಟಾಯ್ತು" ಅಂದಳು ಮಗಳು.

"ಇರೇ" ಅಂದಳು ಇವಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಯ ಆಚೆ ಬದಿಗೆ ಸರಿದಳು. "ಈ ಕಡೆ ಇನ್ನೂ ನೋಡಿಲ್ಲ."